ಆವರಣದೊಳಗಿನ ನಗು

ಬೆಳಿಗ್ಗೆ ಎದ್ದಾಗಿನಿಂದ ಅವಳ ಬಲಗೈಯ ಹೆಬ್ಬೆರಳು ತನ್ನ ಪಾಡಿಗೆ ತಾನು ಬರೆಯುತ್ತಿತ್ತು. ಇಪ್ಪತ್ತೆರಡು ವರ್ಷ ಶಾಸನಸಭೆಯ ಸದನದಲ್ಲಿ ಶೀಘ್ರಲಿಪಿ ವರದಿಗಾರ್ತಿಯಾಗಿ ಕೂತವಳ ಬೆರಳು ಅದು. ಯಾರು ಬಾಯಿ ಬಿಟ್ಟರೂ ಸಾಕು, ತೊಡೆಯೋ ಬಸ್ಸಿನ ಕಂಬಿಯೋ ಹಾಲಿನ ಪಾತ್ರೆಯ ಅಂಚೋ, ಸಿಕ್ಕಿದ್ದರ ಮೇಲೆ ಕೊಕ್ಕೆ, ಬಿಲ್ಲು, ಚುಕ್ಕಿ ಎಳೆದುಬಿಡುತ್ತದೆ. ಮದುವೆಯ ಹೊಸದರಲ್ಲಿ ಗಂಡ ಕೈ ಹಿಡಿದು ಏನೋ ಪ್ರೀತಿಯ ಮಾತಾಡುತ್ತಿದ್ದಾಗ ಅದನ್ನು ಅವನ ಅಂಗೈ ಮೇಲೇ ಬರೆದುಕೊಂಡಿದ್ದಳು. ‘ಏನು, ದಾಖಲೆಗೆ ತಗೋತಿದೀಯಾ?’ ಎಂದು ಅವನು ನಕ್ಕಿದ್ದ. ಆದರೆ ಇವತ್ತು ಯಾರೂ ಮಾತಾಡುತ್ತಿರಲಿಲ್ಲ. ನಲ್ಲಿಯಲ್ಲಿ ನೀರು ಬೀಳುತ್ತಿತ್ತು, ಪಕ್ಕದ ಮನೆಯಾತ ಹೊರಡಲೊಲ್ಲದ ಸ್ಕೂಟರನ್ನು ಒದೆಯುತ್ತಿದ್ದ, ಅಷ್ಟೇ. ಆದರೂ ಬೆರಳು ತೊಟ್ಟಿಯ ಒದ್ದೆ ಅಂಚಿನ ಮೇಲೆ ಒಂದೇ ಮಾತನ್ನು ಬರೆಯುತ್ತಿತ್ತು, ನೀರು ತೊಳೆದುಕೊಂಡು ಹೋಗುತ್ತಿತ್ತು, ಬೆರಳು ಮತ್ತೆ ಬರೆಯುತ್ತಿತ್ತು. ಎಂಬತ್ತೇಳು ದಿನಗಳ ಹಿಂದೆ ಮಂತ್ರಿ ಆಡಿದ ಮಾತು. ಅವಳು ಕೈ ಒರೆಸಿಕೊಂಡು ಮುಷ್ಟಿ ಬಿಗಿದಳು. ಮುಷ್ಟಿಯೊಳಗೂ ಅದು ಸುಮ್ಮನಿರಲಿಲ್ಲ.

‘ಏನೇ, ಕೋರ್ಟು ಇವತ್ತೇ ಅಲ್ವಾ?’ ಎಂದು ಅತ್ತೆ ಒಳಗಿನಿಂದ ಕೂಗಿದರು. ಅವರಿಗೆ ಎಂಬತ್ತು ದಾಟಿತ್ತು. ಮಂಡಿ ಬಗ್ಗುತ್ತಿರಲಿಲ್ಲ, ನಾಲಿಗೆ ಮಾತ್ರ ಎತ್ತ ಬೇಕಾದರೂ ಬಗ್ಗುತ್ತಿತ್ತು. ‘ಹನ್ನೊಂದಕ್ಕೆ’ ಎಂದಳು ಇವಳು. ‘ಎರಡು ಕೋಣ ಗುದ್ದಾಡಿದ್ರೆ ಗಿಡಕ್ಕೆ ಕುತ್ತು ಅಂತಿದ್ರು. ನಿಂದು ಮೂರು ಕೋಣ ಕಣೇ.’ ಕನ್ನಡಕದ ಅಂಗಡಿಯಿಟ್ಟುಕೊಂಡಿದ್ದ ಗಂಡ, ಯಾರದೋ ಮಸೂರವನ್ನು ಬಟ್ಟೆಯಲ್ಲಿ ಉಜ್ಜುತ್ತಾ, ‘ಮೂರನೇದು ಯಾವುದಮ್ಮಾ?’ ಎಂದ. ‘ಸರ್ಕಾರ ಒಂದು, ಸದನ ಒಂದು, ಕೋರ್ಟು ಒಂದು. ಎಣಿಸ್ಕೋ. ಊರಿಗೆಲ್ಲಾ ಕನ್ನಡಕ ಮಾರ್ತೀಯ, ನಿಂಗೇ ಕಾಣಿಸಲ್ವಾ?’ ಅವನು ನಗಲಿಲ್ಲ. ಮಸೂರವನ್ನು ಬೆಳಕಿಗೆ ಹಿಡಿದು, ಅದರೊಳಗಿಂದ ಹೆಂಡತಿಯನ್ನು ನೋಡುತ್ತಾ, ‘ಹೋಗಲೇಬೇಕಾ?’ ಎಂದು ಮೆಲ್ಲಗೆ ಕೇಳಿದ. ಮಸೂರದಲ್ಲಿ ಅವನ ಒಂದು ಕಣ್ಣು ದೊಡ್ಡದಾಗಿ ಕಂಡಿತು. ‘ಹೋಗ್ತೀನಿ. ಹೋಗಿ ಏನು ಹೇಳ್ತೀನೋ ಗೊತ್ತಿಲ್ಲ’ ಎಂದಳು. ಅದು ನಿಜ. ರಾತ್ರಿಯೆಲ್ಲ ಮಲಗಿ ಬೆಳಿಗ್ಗೆ ಎದ್ದರೂ ಗೊತ್ತಾಗಿರಲಿಲ್ಲ.

ಬಸ್ಸಿನಲ್ಲಿ ಕಿಟಕಿ ಪಕ್ಕ ಸಿಕ್ಕಿತು. ಕೈಚೀಲದಲ್ಲಿ ನೋಟುಪುಸ್ತಕ. ಸದನದ ವರದಿಗಾರರ ಪುಸ್ತಕಗಳಿಗೆ ಆಯುಸ್ಸು ತೊಂಬತ್ತು ದಿನ. ಚೊಕ್ಕಪ್ರತಿ ಅಚ್ಚಾಗಿ ಒಪ್ಪಿಗೆಯಾದ ಮೇಲೆ ತೊಂಬತ್ತೊಂದನೆಯ ಬೆಳಿಗ್ಗೆ ಅವನ್ನೆಲ್ಲ ಯಂತ್ರಕ್ಕೆ ಕೊಟ್ಟು ಸಣ್ಣ ಸಣ್ಣ ಎಳೆ ಮಾಡುತ್ತಾರೆ. ಇದಕ್ಕಿನ್ನು ಮೂರು ದಿನ. ಮಂತ್ರಿ ಆ ಮಾತಾಡಿದ ದಿನ ಮಧ್ಯಾಹ್ನ ಹನ್ನೆರಡು ಗಂಟೆ ಹತ್ತು ನಿಮಿಷದಿಂದ ಇಪ್ಪತ್ತು ನಿಮಿಷದವರೆಗೆ ಅವಳ ಸರದಿ. ವರದಿಗಾರರು ಹತ್ತತ್ತು ನಿಮಿಷ ಬರೆಯುತ್ತಾರೆ, ಅದಕ್ಕಿಂತ ಹೆಚ್ಚು ಬರೆದರೆ ಕೈ ತಪ್ಪುತ್ತದೆ. ಅವರ ಮೇಜು ಸದನದ ನಡುವಿನ ತಗ್ಗಿನಲ್ಲಿ, ಮಂತ್ರಿಗಳ ಸಾಲಿನ ಕಾಲಬುಡದಲ್ಲಿ. ಅಲ್ಲಿ ಕೂತವರಿಗೆ ಮಂತ್ರಿಗಳ ಬೂಟು ಮೊದಲು ಕಾಣುತ್ತದೆ, ಮುಖ ಆಮೇಲೆ. ಮುಚ್ಚಿಹೋದ ನೂಲಿನ ಗಿರಣಿಯ ಹಿಂದಿನ ನೂರ ಹನ್ನೆರಡು ಮನೆಗಳನ್ನು ಅವತ್ತು ಬೆಳಿಗ್ಗೆ ಏಳಕ್ಕೇ ಕೆಡವಿದ್ದರು. ಕೆಡವಬಾರದು ಅಂತ ಹಿಂದಿನ ದಿನವೇ ಕೋರ್ಟಿನ ತಡೆಯಾಜ್ಞೆಯಾಗಿತ್ತು. ಯಾಕೆ ಕೆಡವಿದಿರಿ ಅಂತ ವಿರೋಧ ಪಕ್ಷದವರು ಎದ್ದು ನಿಂತರು. ಮಂತ್ರಿ ಮೈಕಿನಲ್ಲಿ, ‘ನ್ಯಾಯಾಲಯದ ಆದೇಶವನ್ನು ಸರ್ಕಾರ ಸದಾ ಗೌರವಿಸುತ್ತದೆ, ಆದೇಶ ನಮ್ಮ ಕೈಸೇರುವ ಹೊತ್ತಿಗೆ ಕೆಲಸ ಮುಗಿದಿತ್ತು’ ಎಂದರು. ಆಮೇಲೆ ಮೈಕಿನ ಗುಂಡಿ ಒತ್ತಿ ಆರಿಸಿ, ಅಕ್ಕಪಕ್ಕದ ಸಾಲಿಗೆಲ್ಲ ಕೇಳುವ ಹಾಗೆ, ಎದ್ದು ನಿಂತೇ ಹೇಳಿದರು: ‘ನಿನ್ನೆ ಸಂಜೇನೇ ಬಂದಿತ್ತು ಕಣ್ರೀ ಕಾಗದ. ನನ್ನ ಮೇಜಿನ ಮೇಲೇ ಇತ್ತು, ಟೀ ಲೋಟ ಇಟ್ಕೊಂಡಿದ್ದೆ ಅದರ ಮೇಲೆ. ಕೋರ್ಟಿನ ಹತ್ರ ಪೆನ್ನಿದೆ, ಬುಲ್ಡೋಜರ್ ಇರೋದು ನನ್ನ ಹತ್ರ ತಾನೇ?’

ಸದನ ನಕ್ಕಿತು. ಆ ಕಡೆಯವರೂ ನಕ್ಕರು, ಈ ಕಡೆಯವರೂ ಕೆಲವರು ನಕ್ಕರು. ಮಂತ್ರಿ ಹೇಳುವ ಧಾಟಿ ಹಾಗಿರುತ್ತಿತ್ತು, ಸಂತೆಯಲ್ಲಿ ಸಿಕ್ಕ ದೊಡ್ಡಪ್ಪನ ಧಾಟಿ. ಅವಳ ಕೈ ಎಂದಿನಂತೆ ಎಲ್ಲವನ್ನೂ ಹಿಡಿದುಕೊಂಡಿತು: ಕಾಗದ, ಮೇಜು, ಲೋಟ, ಪೆನ್ನು. ಮತ್ತು, ಇದನ್ನು ಅವಳು ಗಂಡನಿಗೂ ಹೇಳಿರಲಿಲ್ಲ, ಅವಳ ತುಟಿಯೂ ಒಂದಿಷ್ಟು ಬಿರಿದಿತ್ತು. ಮಂತ್ರಿ ಕೆಳಗೆ ನೋಡಿ, ‘ಇದನ್ನೆಲ್ಲ ಬರೀತೀಯೇನಮ್ಮಾ, ನಿಂಗೇನು ಕೆಲಸ ಇಲ್ವಾ?’ ಎಂದು ಕಣ್ಣು ಮಿಟುಕಿಸಿದ್ದರು. ಇಪ್ಪತ್ತೆರಡು ವರ್ಷದಲ್ಲಿ ಒಬ್ಬ ಮಂತ್ರಿ ಅವಳನ್ನು ನೋಡಿ ಆಡಿದ ಮೊದಲ ಮಾತು. ಎಷ್ಟು ಸಣ್ಣದಕ್ಕೆ ಮನುಷ್ಯ ಕರಗುತ್ತಾನೆ ನೋಡಿ. ಹನ್ನೆರಡೂವರೆಗೆ ಅವಳು ಮೇಲಿನ ಕೋಣೆಗೆ ಹೋಗಿ ಚೊಕ್ಕಪ್ರತಿ ಬೆರಳಚ್ಚು ಮಾಡಿದಳು. ಚೊಕ್ಕ ಮಾಡುವುದೆಂದರೆ ಅವರ ಕೆಲಸದಲ್ಲಿ ಒಂದು ಮರ್ಯಾದೆ. ಸದಸ್ಯರು ತಡವರಿಸಿದ್ದನ್ನು ತೆಗೆಯುವುದು, ಬೈಗುಳವನ್ನು ಬಿಡುವುದು, ಅರ್ಧಕ್ಕೆ ನಿಂತ ವಾಕ್ಯಕ್ಕೆ ಬಾಲ ಸೇರಿಸುವುದು. ಬಾಯಲ್ಲಿ ಕಡ್ಡಿ ಹಾಕಿದರೂ ಮಾತು ಬಾರದ ಎಷ್ಟು ಜನ ಅವಳ ಬೆರಳಿನಿಂದ ವಾಗ್ಮಿಗಳಾಗಿದ್ದರು! ಅವತ್ತು ಯಾರೂ ಬಂದು ಅವಳ ಕಿವಿಯಲ್ಲಿ ಏನೂ ಹೇಳಲಿಲ್ಲ, ಯಾರೂ ಹೆದರಿಸಲಿಲ್ಲ. ಮೈಕಿನಲ್ಲಿ ಹೇಳಿದ್ದನ್ನು ಹೇಳಿದಂತೆ ಹೊಡೆದಳು. ಮೈಕು ಆರಿದ ಮೇಲಿನದರ ಜಾಗದಲ್ಲಿ, ಯೋಚನೆಯನ್ನೂ ಮಾಡದೆ, ಒಂದು ಆವರಣ ತೆರೆದು, ನಗು ಎಂದು ಹೊಡೆದು, ಆವರಣ ಮುಚ್ಚಿದಳು. ಕೆಳಗೆ ತನ್ನ ಸಹಿ ಹಾಕಿದಳು. ಹಾಕಿ, ಊಟಕ್ಕೆ ಹೋದಳು. ಊಟ ಸೇರಿತು ಕೂಡ.

ಅಚ್ಚಿನಲ್ಲಿ ಕಾರಣವಿಲ್ಲದ ಆ ನಗುವನ್ನು ಕಂಡು, ಮನೆ ಕಳೆದುಕೊಂಡವರ ವಕೀಲರು ಅದನ್ನು ಬರೆದವಳನ್ನೇ ಸಾಕ್ಷಿಗೆ ಕರೆಸಿದ್ದರು. ಕೋರ್ಟಿಗೆ ಮುಂಚೆ ಸದನದ ವರದಿಗಾರರ ಕೋಣೆಗೆ ಹೋಗಬೇಕಿತ್ತು, ಮುಖ್ಯಸ್ಥರು ಬರಹೇಳಿದ್ದರು. ಎಂಥ ಚರ್ಚೆಯನ್ನೂ ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತಿದ್ದರಿಂದ ಅವರಿಗೆ ಪೂರ್ಣವಿರಾಮ ಎಂದು ಹೆಸರು. ಇವತ್ತು ಅವರಿಗೆ ಮುಗಿಸಲು ಆಗುತ್ತಿರಲಿಲ್ಲ. ಅವಳು ಸೇರಿದ ವರ್ಷ ಅವಳ ಪೆನ್ಸಿಲು ಕೆತ್ತಿಕೊಟ್ಟು, ಮೊದಲ ಸರದಿಯ ದಿನ ಕೈ ನಡುಗಿದಾಗ ಪಕ್ಕದಲ್ಲಿ ಕೂತು ತಾವೂ ಬರೆದುಕೊಂಡಿದ್ದವರು ಇವರೇ. ಈಗ ಸಭಾಧ್ಯಕ್ಷರ ಪತ್ರವನ್ನು ಮೇಜಿನ ಮೇಲೆ ಅವಳ ಕಡೆ ತಿರುಗಿಸಿದರು. ‘ಓದು. ಸದನದ ಒಪ್ಪಿಗೆ ಇಲ್ದೆ ಸದನದ ನೌಕರರು ಒಳಗೆ ನಡೆದದ್ದನ್ನ ಹೊರಗೆ ಹೇಳೋ ಹಾಗಿಲ್ಲ. ಹೇಳಿದ್ರೆ ಸದನದ ಹಕ್ಕುಚ್ಯುತಿ. ಸದನವೇ ನಿನ್ನ ಕರೆದು ನಿಲ್ಲಿಸಿ ಕೇಳುತ್ತೆ. ಕೆಲಸ ಹೋಗೋದಂತೂ ಹೋಗುತ್ತೆ, ಜೈಲಿಗೂ ಕಳಿಸೋ ಅಧಿಕಾರ ಇದೆ ಅವರಿಗೆ, ಗೊತ್ತಲ್ಲ?’

‘ಗೊತ್ತು ಸಾರ್.’

‘ನೋಟುಪುಸ್ತಕ ಇಲ್ಲಿಟ್ಟು ಮನೆಗೆ ಹೋಗು. ಮೈ ಹುಷಾರಿಲ್ಲ ಅಂತ ನಾನು ಬರ್ಕೊಡ್ತೀನಿ.’

ಅವಳು ಪುಸ್ತಕ ತೆಗೆಯಲಿಲ್ಲ. ಮುಖ್ಯಸ್ಥರು ಕನ್ನಡಕ ತೆಗೆದು ಮೂಗಿನ ಮೇಲಿನ ಗುರುತನ್ನು ಉಜ್ಜಿಕೊಂಡರು. ‘ಮಂತ್ರಿಯನ್ನ ಉಳಿಸೋಕೆ ಹೇಳ್ತಿಲ್ಲಮ್ಮ ನಾನು. ಆ ಮನುಷ್ಯ ಹೇಗಾದ್ರೂ ಹಾಳಾಗಿ ಹೋಗ್ಲಿ. ಆದ್ರೆ ಯೋಚನೆ ಮಾಡು, ಸದನದಲ್ಲಿ ಆಡಿದ ಮಾತಿಗೆ ಕೋರ್ಟಿಗೆ ಎಳೆಯೋ ಹಾಗಾದ್ರೆ ನಾಳೆ ಒಬ್ಬ ಸದಸ್ಯ ಬಡವರ ಪರವಾಗಿ ಬಾಯಿ ಬಿಡ್ತಾನಾ? ಅವನಿಗೆ ಆ ಭಯ ಇರಬಾರದು ಅಂತಲೇ ಈ ಗೋಡೆ ಕಟ್ಟಿರೋದು. ನೀನು ಇವತ್ತು ಆ ಗೋಡೆಗೆ ತೂತು ಹೊಡೀತೀಯ.’ ಅವಳಿಗೆ ಸಿಟ್ಟು ಬರಲಿಲ್ಲ, ಅದೇ ಕಷ್ಟ. ಅವರು ಹೇಳುತ್ತಿದ್ದುದು ಸರಿಯಾಗಿತ್ತು. ಸುಳ್ಳು ಹೇಳುವವರ ಮುಂದೆ ಎದೆ ಸೆಟೆಸಿ ನಿಲ್ಲಬಹುದು, ಸರಿಯಾದದ್ದನ್ನೇ ಹೇಳುತ್ತಾ ಕಾಗದ ಮುಂದೆ ತಳ್ಳುವವರ ಮುಂದೆ ಹೇಗೆ ನಿಲ್ಲುವುದು? ಕೋಣೆಯ ಮೂಲೆಯಲ್ಲಿ ಎಳೆ ಮಾಡುವ ಯಂತ್ರ, ಅದರ ಬಾಯಲ್ಲಿ ಯಾವುದೋ ಹಳೆಯ ಬಜೆಟ್ ಚರ್ಚೆಯ ತುಂಡು ಸಿಕ್ಕಿಕೊಂಡಿತ್ತು. ಬಾಗಿಲವರೆಗೆ ಹೋದವಳಿಗೆ ಉತ್ತರ ಹೊಳೆಯಿತು, ಅಥವಾ ಹೊಳೆಯುವ ಮೊದಲೇ ಬಾಯಿಂದ ಬಂತು. ‘ಆಡಿದ ಮಾತನ್ನ ಕಾಪಾಡೋ ಗೋಡೆ ಸಾರ್ ಅದು. ನಾನು ಮಾತನ್ನೇ ಇಲ್ಲ ಅನ್ನಿಸಿಬಿಟ್ಟೆನಲ್ಲ, ಅದಕ್ಕೂ ಆ ಗೋಡೆಯೇ ಮರೆಯಾ?’ ಮುಖ್ಯಸ್ಥರು ತಲೆಯೆತ್ತಲಿಲ್ಲ. ‘ಹನ್ನೊಂದಕ್ಕೆ ಅಲ್ವಾ? ಬಸ್ಸು ಹಿಡೀಬೇಡ, ಲೇಟಾಗುತ್ತೆ, ನಡ್ಕೊಂಡು ಹೋಗು’ ಎಂದರು.

ನಡೆದೇ ಹೋದಳು. ಸದನದಿಂದ ಕೋರ್ಟಿಗೆ ಒಂದು ಅಗಲವಾದ ರಸ್ತೆ, ನಡುವೆ ಒಂದು ಸಿಗ್ನಲ್ಲು. ಸರ್ಕಾರದ ಕಚೇರಿಗಳ ಕಟ್ಟಡ ಎಡಕ್ಕೆ, ಸಾವಿರ ಕಿಟಕಿ, ಒಂದರಲ್ಲೂ ಮುಖವಿಲ್ಲ. ಪಕ್ಕದಲ್ಲಿ ಉದ್ದನೆಯ ಕಾರೊಂದು ಬಂದು ನಿಂತಾಗ ಅವಳಿಗೆ ತಾನಾಗಿಯೇ ಒಂದು ಹೆಜ್ಜೆ ಹಿಂದೆ ಸರಿಯಬೇಕೆನಿಸಿತು, ಸರಿದಳು ಕೂಡ. ಹಿಂದಿನ ಸೀಟಿನಲ್ಲಿ ಯಾರೂ ಇರಲಿಲ್ಲ, ಚಾಲಕನೊಬ್ಬನೇ ಹಲ್ಲುಕಡ್ಡಿ ಆಡಿಸುತ್ತಿದ್ದ. ಖಾಲಿ ಕಾರಿಗೂ ದಾರಿ ಬಿಡುವ ಕಾಲು ನನ್ನದು, ಎಂದುಕೊಂಡಳು. ಇಂಥ ಕಾಲಿನ ಮೇಲೆ ನಿಂತು ಯಾವ ಸಾಕ್ಷಿ ಹೇಳುವುದು?

ಕೋರ್ಟಿನ ಪಡಸಾಲೆಯ ಬೆಂಚಿನಲ್ಲಿ ಅರ್ಧ ಜಾಗ ಮಾತ್ರ ಇತ್ತು. ಉಳಿದರ್ಧದಲ್ಲಿ ಗೋಣಿಬಟ್ಟೆಯಲ್ಲಿ ಸುತ್ತಿದ ಏನೋ ಭಾರದ ವಸ್ತು, ಅದರ ಪಕ್ಕ ಒಬ್ಬ ಹೆಂಗಸು. ‘ಕೂತ್ಕೊಳ್ಳಿ ಅಕ್ಕಾ, ಇದನ್ನ ಕೆಳಗಿಟ್ರೆ ಯಾರಾದ್ರೂ ಎಡವಿ ಬಿದ್ದು ನನ್ನ ಮೇಲೇ ಕೇಸ್ ಹಾಕ್ತಾರೆ. ಹೊಲಿಗೆ ಮಿಷನ್ನಿನ ತಲೆ. ಮನೆಯಲ್ಲಿ ಬಿಟ್ಟು ಬರೋಣ ಅಂದ್ರೆ ಮನೆ ಎಲ್ಲಿದೆ? ಕಾಲು ಹೋಯ್ತು, ತಲೆ ಉಳೀತು.’ ಗಿರಣಿಯ ಹಿಂದಿನವಳು. ವಿಚಾರಣೆ ಇದ್ದಾಗಲೆಲ್ಲ ಅದನ್ನು ಹೊತ್ತುಕೊಂಡೇ ಬರುತ್ತಾಳಂತೆ. ಬಾಗಿಲಲ್ಲಿ ಪೊಲೀಸರು ಪ್ರತಿಸಲ ಬಿಚ್ಚಿಸಿ, ಸೂಜಿ ತೆಗೆಸಿ ಒಳಗೆ ಬಿಡುತ್ತಾರಂತೆ. ‘ಸೂಜಿಯಿಂದ ನ್ಯಾಯಾಧೀಶರಿಗೆ ಚುಚ್ತೀನಾ ನಾನು? ಚುಚ್ಚಿದ್ರೆ ಬೇಗನಾದ್ರೂ ತೀರ್ಪು ಬರುತ್ತೇನೋ!’ ಎಂದು ಅವಳೇ ನಕ್ಕಳು. ಆಮೇಲೆ ಹತ್ತಿರ ಸರಿದು, ‘ಇವತ್ತು ಅದ್ಯಾರೋ ಬರ್ಕೊಳ್ಳೋಳು ಬರ್ತಾಳಂತೆ, ಸದನದೋಳು. ಬರ್ತಾಳೋ ಇಲ್ವೋ. ಬಂದ್ರೂ ಬಾಯಿ ಬಿಡ್ತಾಳೋ ಇಲ್ವೋ. ಅವಳಿಗೇನಕ್ಕಾ, ಅವಳ ಮನೆ ನೆಟ್ಟಗಿದೆ’ ಎಂದಳು. ಇವಳ ಹೆಬ್ಬೆರಳು ಕೈಚೀಲದ ಹಿಡಿಯ ಮೇಲೆ ಅದನ್ನೂ ಬರೆದುಕೊಂಡಿತು: ಅವಳ ಮನೆ ನೆಟ್ಟಗಿದೆ. ಹೌದು ಎನ್ನಬೇಕೋ, ನಾನೇ ಎನ್ನಬೇಕೋ ತಿಳಿಯದೆ, ‘ಇದಕ್ಕೆ ಎಣ್ಣೆ ಬಿಡ್ತಿರ್ತೀರಾ?’ ಎಂದು ಕೇಳಿದಳು. ಕೇಳಿದ ಮೇಲೆ ಮೈಯೆಲ್ಲ ಹಿಡಿಯಾಗಿಹೋಯಿತು. ‘ಬಿಡ್ದೇ ಇರ್ತೀನಾ, ಹೊಟ್ಟೆ ಪಾಡಲ್ವಾ ಅದು’ ಎಂದು ಆಕೆ ಗೋಣಿಯನ್ನು ಮಗುವಿನ ಬೆನ್ನಿನ ಹಾಗೆ ತಟ್ಟಿದಳು. ಒಳಗಿಂದ ಸದನದ ವರದಿಗಾರ್ತಿಗೆ ಕೂಗು ಬಂತು. ಇವಳು ಎದ್ದಾಗ ಹೊಲಿಗೆಯಾಕೆಯ ಬಾಯಿ ತೆರೆದದ್ದು ಹಾಗೇ ನಿಂತಿತು.

ಕಟಕಟೆಯ ಕಂಬಿ ಅವಳಿಗಿಂತ ಮೊದಲು ನಿಂತವರ ಬೆವರಿನಿಂದ ಅಂಟಂಟಾಗಿತ್ತು. ನ್ಯಾಯಾಧೀಶರಿಗೆ ನೆಗಡಿ, ಕರವಸ್ತ್ರವನ್ನು ಕಡತದ ಮರೆಯಲ್ಲಿಟ್ಟುಕೊಂಡಿದ್ದರು. ಅವರ ಕೆಳಗೆ ಒಬ್ಬ ವಯಸ್ಸಾದ ಬೆರಳಚ್ಚುಗಾರ, ಕೈಯೆರಡನ್ನೂ ಯಂತ್ರದ ಮೇಲಿಟ್ಟು ನಿದ್ದೆಹೋದಂತೆ ಕೂತಿದ್ದ. ಸರ್ಕಾರದ ವಕೀಲರು ಸಭಾಧ್ಯಕ್ಷರ ಪತ್ರ ಓದಿ, ‘ಸದನದ ಒಳಗೆ ಈ ನ್ಯಾಯಾಲಯ ಕಾಲಿಡುವ ಹಾಗಿಲ್ಲ’ ಎಂದರು. ಗಿರಣಿಯವರ ವಕೀಲರು, ‘ಆಡಿದ್ದಕ್ಕೆ ಶಿಕ್ಷೆ ಕೇಳ್ತಿಲ್ಲ, ಕಾಗದ ಯಾವಾಗ ತಲುಪಿತು ಅಂತ ಕೇಳ್ತಿದೀವಿ’ ಎಂದರು. ಇಬ್ಬರೂ ಅರ್ಧ ಗಂಟೆ ಹೀಗೆ ಎಳೆದಾಡಿದ ಮೇಲೆ ನ್ಯಾಯಾಧೀಶರು ಮೂಗೊರೆಸಿಕೊಂಡು ಅವಳ ಕಡೆ ತಿರುಗಿದರು. ‘ನೋಡಿಯಮ್ಮ. ಸದನದವರನ್ನ ಬಾಯಿ ಬಿಡು ಅಂತ ನಾನು ಒತ್ತಾಯ ಮಾಡಲಾರೆ. ಬಿಡಬೇಡ ಅಂತಲೂ ಹೇಳಲಾರೆ. ನೀವಾಗಿ ಹೇಳಿದರೆ ಕೇಳಿಸಿಕೊಳ್ತೀನಿ. ಆಮೇಲೆ ಸದನ ನಿಮಗೇನು ಮಾಡುತ್ತೋ, ಅದನ್ನ ತಡೆಯೋದು ನನ್ನ ಕೈಲಿ ಇದೆಯೋ ಇಲ್ಲವೋ ಅಂತ ನನಗೇ ಗೊತ್ತಿಲ್ಲ.’

ಹಾಗಾದರೆ ಇಷ್ಟೇ. ಮೂರು ದೊಡ್ಡ ಮನೆಗಳವರು ಒಂದು ಬಿಸಿ ಪಾತ್ರೆಯನ್ನು ಕೈಯಿಂದ ಕೈಗೆ ದಾಟಿಸುತ್ತಾ ಬಂದು ಕಡೆಗೆ ಅವಳ ಕೈಯಲ್ಲಿಟ್ಟಿದ್ದರು. ಅವಳಿಗೆ ಒಮ್ಮೆಲೇ ಏನೋ ಹಗುರವಾಯಿತು. ಇಷ್ಟು ವರ್ಷ ಅವಳು ಈ ಮೂವರೂ ಎಲ್ಲೋ ಎತ್ತರದಲ್ಲಿ ಒಬ್ಬರನ್ನೊಬ್ಬರು ಹಿಡಿದು ನಿಲ್ಲಿಸಿದ್ದಾರೆಂದು ನಂಬಿದ್ದಳು, ಬಾವಿಯ ಹಗ್ಗದ ಹಾಗೆ ಒಬ್ಬ ಸಡಿಲ ಬಿಟ್ಟರೆ ಇನ್ನೊಬ್ಬ ಎಳೆಯುತ್ತಾನೆಂದು. ಎಳೆಯುವವರು ಬೇರೆ ಯಾರೂ ಇಲ್ಲ. ಖಾಲಿ ಕಾರಿಗೆ ದಾರಿ ಬಿಡುವ ಹೆಂಗಸರೇ ಎಳೆಯಬೇಕು. ಪುಸ್ತಕ ತೆಗೆದಳು. ‘ಓದ್ತೀನಿ’ ಎಂದಳು.

ಓದಿದಳು. ಸಂಜೆ ಬಂದ ಕಾಗದ, ಮೇಜು, ಟೀ ಲೋಟ, ಪೆನ್ನು, ಬುಲ್ಡೋಜರು. ಕೊಠಡಿಯಲ್ಲಿ ಯಾರೂ ನಗಲಿಲ್ಲ. ಅದೇ ಮಾತು, ಒಂದಕ್ಷರ ಹೆಚ್ಚು ಕಡಿಮೆಯಿಲ್ಲ, ಆದರೂ ಯಾರೂ ನಗಲಿಲ್ಲ. ಹಿಂದಿನ ಸಾಲಿನಲ್ಲಿ ಹೊಲಿಗೆಯಾಕೆ ಗೋಣಿಗಂಟನ್ನು ಎದೆಗವಚಿ ನಿಂತುಕೊಂಡಿದ್ದಳು. ಸರ್ಕಾರದ ವಕೀಲರು ಎದ್ದರು. ಮೃದುವಾಗಿ, ಮದುವೆ ಮನೆಯಲ್ಲಿ ಮಾತಾಡಿಸುವವರ ಹಾಗೆ, ‘ಈ ಕಾಗೆ ಕಾಲನ್ನ ನಿಮ್ಮ ಬಿಟ್ಟು ಬೇರೆ ಯಾರು ಓದಬಲ್ಲರು ತಾಯೀ?’ ಎಂದರು. ‘ನಮ್ಮ ಕೋಣೆಯಲ್ಲಿ ಆರು ಜನ ಇದ್ದಾರೆ. ಕರೆಸಿ’ ಎಂದಳು. ‘ಸರಿ. ಅಚ್ಚಾದ ಪ್ರತಿಯಲ್ಲಿ ಈ ಮಾತಿಲ್ಲ. ಕೆಳಗಿರೋ ಸಹಿ ಯಾರದು?’ ‘ನಂದೇ.’ ‘ಅಂದ್ರೆ ನೀವು ಒಂದ್ಸಲ ಸುಳ್ಳು ಹೇಳಿದೀರಿ. ಆಗಲೋ, ಈಗಲೋ?’ ಅವರು ನ್ಯಾಯಾಧೀಶರ ಕಡೆ ನೋಡಿ ಸಣ್ಣಗೆ ಮುಗುಳ್ನಕ್ಕರು. ಉತ್ತರ ಯಾವುದಾದರೂ ಅವರಿಗೇ ಲಾಭ.

‘ಆಗ’ ಎಂದಳು. ‘ಯಾರೂ ಹೇಳಿರಲಿಲ್ಲ, ನಾನೇ ತೆಗೆದೆ. ದೊಡ್ಡವರ ಮಾತು ಚೊಕ್ಕ ಮಾಡಿ ಮಾಡಿ ಅಭ್ಯಾಸ ಆಗಿಹೋಗಿತ್ತು. ಅವರು ನನ್ನ ನೋಡಿ ಮಾತಾಡಿದ್ರು ಅಂತ ಖುಷಿಯಾಗಿತ್ತು. ಎಲ್ಲರ ಜೊತೆ ನಾನೂ ನಕ್ಕಿದ್ದೆ.’

ಅಲ್ಲಿ ಸಾಕ್ಷಿ ಹೇಳಿದ್ದನ್ನು ಸಾಕ್ಷಿಯ ಬಾಯಿಂದ ನೇರವಾಗಿ ಬರೆದುಕೊಳ್ಳುವುದಿಲ್ಲ. ನ್ಯಾಯಾಧೀಶರು ಕೇಳಿ, ತಮ್ಮ ಭಾಷೆಯಲ್ಲಿ ಬೆರಳಚ್ಚುಗಾರನಿಗೆ ಹೇಳಿ ಬರೆಸುತ್ತಾರೆ, ಸಾಕ್ಷಿ ಕೆಳಗೆ ಸಹಿ ಹಾಕಬೇಕು. ನ್ಯಾಯಾಧೀಶರು ಗಂಟಲು ಸರಿಮಾಡಿಕೊಂಡರು. ‘ಬರ್ಕೋ. ಮಾನ್ಯ ಸಚಿವರು ಆದೇಶದ ಬಗ್ಗೆ ಮೊದಲೇ ತಿಳಿದಿದ್ದರೆಂಬ ಅರ್ಥ ಬರಬಹುದಾದ ಮಾತುಗಳನ್ನು ಲಘುವಾಗಿ ಆಡಿರುತ್ತಾರೆ. ಸದರಿ ಮಾತುಗಳು ಅಚ್ಚಿನ ಪ್ರತಿಯಲ್ಲಿ ಕಣ್ತಪ್ಪಿನಿಂದ ಬಿಟ್ಟುಹೋಗಿರುತ್ತವೆ ಎಂದು ಸಾಕ್ಷಿಯು ನುಡಿಯುತ್ತಾರೆ.’ ಬೆರಳಚ್ಚುಗಾರ ಕಣ್ಣು ಮುಚ್ಚಿಕೊಂಡೇ ಹೊಡೆದು, ಹಾಳೆಯೆಳೆದು, ಪೆನ್ನಿನ ಜೊತೆ ಅವಳ ಮುಂದಿಟ್ಟ. ನ್ಯಾಯಾಧೀಶರು ಅವಳನ್ನು ನೋಡಿದ ನೋಟದಲ್ಲಿ ಕರುಣೆಯಿತ್ತು. ಕಣ್ತಪ್ಪಿಗೆ ಯಾವ ಸದನವೂ ಜೈಲಿಗೆ ಕಳಿಸುವುದಿಲ್ಲ, ಒಂದು ಎಚ್ಚರಿಕೆ ಕೊಟ್ಟು ಬಿಡುತ್ತಾರೆ. ಅರ್ಥ ಬರಬಹುದಾದ ಮಾತಿಗೆ ಬೇರೆ ಅರ್ಥವೂ ಬರಬಹುದು, ಮಂತ್ರಿಗೂ ದಾರಿಯಿತ್ತು. ಹಾವೂ ಸಾಯದು, ಕೋಲೂ ಮುರಿಯದು. ಗಂಡ ಸಂಜೆ ಅಂಗಡಿ ಮುಚ್ಚಿ ಬಂದಾಗ ಇಬ್ಬರೂ ಟೀ ಕುಡಿಯಬಹುದು. ಹಾಳೆ ಎಷ್ಟು ಸ್ವಚ್ಛವಾಗಿತ್ತು! ಒಂದು ಚಿತ್ತಿಲ್ಲ, ಒಂದು ತಪ್ಪಿಲ್ಲ. ಅವಳೇ ಹೊಡೆದಿದ್ದರೂ ಇದಕ್ಕಿಂತ ಚೆನ್ನಾಗಿ ಹೊಡೆಯಲಾಗುತ್ತಿರಲಿಲ್ಲ.

‘ನಾನು ಹೀಗೆ ಹೇಳಲಿಲ್ಲ’ ಎಂದಳು.

‘ಅರ್ಥ ಅದೇ ಅಲ್ವೇನಮ್ಮ?’

‘ಅಲ್ಲ ಸಾರ್. ಇಪ್ಪತ್ತೆರಡು ವರ್ಷ ನಾನು ಮಾಡಿದ್ದು ಇದೇ ಕೆಲಸ. ಅರ್ಥ ಎಲ್ಲಿ ತಪ್ಪಿಸ್ಕೊಳ್ಳುತ್ತೆ ಅಂತ ನಂಗೆ ಗೊತ್ತು.’

‘ನಿಮ್ಮ ಒಳ್ಳೇದಕ್ಕೇ ಬರೆಸಿದ್ದು’ ಎಂದರು ನ್ಯಾಯಾಧೀಶರು, ತಗ್ಗಿದ ದನಿಯಲ್ಲಿ, ಅದು ದಾಖಲೆಗೆ ಹೋಗಬಾರದೆಂಬಂತೆ.

‘ಗೊತ್ತು ಸಾರ್, ದೊಡ್ಡ ಉಪಕಾರ. ನಾನು ಇದಕ್ಕೆ ಸಹಿ ಹಾಕಲ್ಲ.’

ಸರ್ಕಾರದ ವಕೀಲರು ಗಡಿಯಾರ ನೋಡಿ, ಊಟದ ಹೊತ್ತಾಯಿತೆಂದು ನೆನಪಿಸಿದರು. ‘ನಾನು ಕಾಯ್ತೀನಿ’ ಎಂದಳು ಅವಳು, ಪೆನ್ನಿನ ಮುಚ್ಚಳ ಮುಚ್ಚಿ ಹಾಳೆಯ ಮೇಲಿಡುತ್ತಾ. ಕಾಲು ಒಂದು ಹೆಜ್ಜೆ ಹಿಂದೆ ಸರಿಯಲು ನೋಡುತ್ತಲೇ ಇತ್ತು, ಅದರ ಪಾಡಿಗೆ ಅದು ನೋಡುತ್ತಿರಲಿ ಎಂದುಕೊಂಡಳು. ಸಹಿ ಹಾಕಬೇಕಾದ್ದು ಕಾಲಲ್ಲ. ನ್ಯಾಯಾಧೀಶರು ಕರವಸ್ತ್ರವನ್ನು ಮಡಿಸಿದರು, ಬಿಚ್ಚಿದರು, ಮತ್ತೆ ಮಡಿಸಿದರು. ಅವಳ ಕಡೆ ನೋಡದೆ, ‘ಹೊಸ ಹಾಳೆ ಹಾಕಯ್ಯ’ ಎಂದರು. ‘ನೀವೇ ಹೇಳಿಬಿಡಿ.’

ಬೆರಳಚ್ಚುಗಾರ ಕಣ್ಣು ತೆರೆದ. ಆ ಕುರ್ಚಿಯಲ್ಲಿ ಕೂತು ಎಷ್ಟು ವರ್ಷವಾಗಿತ್ತೋ, ಸಾಕ್ಷಿಯ ಮುಖವನ್ನು ಅವನು ನೋಡಿದ್ದು ಅದೇ ಮೊದಲೆಂಬಂತೆ ನೋಡಿದ. ಅವಳು ಅವನ ಕಡೆ ಬಾಗಿ, ಅವನ ಕೈಗೆ ಎಟುಕುವಷ್ಟೇ ನಿಧಾನವಾಗಿ, ಒಂದೊಂದೇ ಮಾತಾಗಿ ಮಂತ್ರಿ ಹೇಳಿದ್ದನ್ನು ಬರೆಸಿದಳು. ಅವನ ಬೆರಳು ಲೋಟ ಎಂಬ ಮಾತಿನ ಹತ್ತಿರ ಒಮ್ಮೆ ನಿಂತಿತು, ಅವಳು ಕಾದಳು, ಅದು ಮುಂದೆ ಹೋಯಿತು.

‘ಆಯ್ತಾ ಅಣ್ಣಾ?’

‘ಆಯ್ತಮ್ಮ.’

‘ಹೊಸ ಸಾಲು ತಗೊಳ್ಳಿ. ಇನ್ನು ನಾನು ಮಾಡಿದ್ದು. ಕಣ್ತಪ್ಪು ಅಂತ ಬರೀಬೇಡಿ. ಕಣ್ಣು ಬಿಟ್ಕೊಂಡೇ ತೆಗೆದೆ ಅಂತ ಬರೀರಿ.’